ಹೆಣ್ಣು ದನಿ ಒಂದು

ಲಕ್ಕವಳ್ಳಿ
12 ಜೂನ್ 2024

ವಿಶ್ವಾರಾಧ್ಯ ಅವರಿಗೆ,

ಶಾರದಾಂಬಾ ಮಾಡುವ ನಮಸ್ಕಾರ. ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಹನ್ನೊಂದು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ಶಿವನಿ ಶಾಲೆಯ ಆಫೀಸ್ ರೂಮಿನ ಕಿಟಕಿಗೆ ಕಂಬಳಿ ಕಟ್ಟಿ, ನಲವತ್ತು ದಿನ ಒಬ್ಬ ಟೀಚರ್ ಕೈಲಿ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಂಡಿರಲ್ಲ, ಆ ಟೀಚರ್ ನಾನು. ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರು ಕನ್ನಡ ಓದಿ ಹೇಳಬೇಕು, ಅದಕ್ಕೊಂದು ದನಿ ಬೇಕು ಅಂದಿರಿ. ಮರುಮಾತಾಡದೆ ಕೊಟ್ಟೆ.

ಹೋದ ತಿಂಗಳು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಲಕ್ಕವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ತಲೆಯ ಮೇಲೆ ಮೈಕು ಕಟ್ಟಿಕೊಂಡು ಒಂದು ಲಗೇಜ್ ಆಟೋ ಬಂತು. "ಮೂಲವ್ಯಾಧಿ, ಭಗಂದರ, ಗುಪ್ತರೋಗಗಳಿಗೆ ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ. ಬುಧವಾರ ಮಾತ್ರ. ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನ ಆರನೇ ನಂಬರ್ ರೂಮಿಗೆ ಭೇಟಿ ಕೊಡಿ." ದನಿ ನನ್ನದು. ಪಾಠ ಓದಿದ ಹಾಗೆ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ತಿಪ್ಪಮ್ಮ ಪಕ್ಕದಲ್ಲೇ ನಿಂತಿದ್ದಳು. ಮೈಕಿನ ಕಡೆ ನೋಡಿದಳು, ನನ್ನ ಬಾಯಿ ನೋಡಿದಳು. "ಇದೇನ್ ಟೀಚರ್, ರಿಟೈರ್ ಆದ್ಮೇಲೆ ಪೈಲ್ಸ್ ಔಷ್ದಿ ಶುರು ಮಾಡ್ಕಂಡ್ರಾ?" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಉತ್ತರ ಕೊಡಲಿಲ್ಲ.

ಮೂವತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ದನಿ ಅದು. ಅದನ್ನು ವಾಪಸ್ ತೆಗೆದುಕೊಳ್ಳಿ. ನಿಮ್ಮ ಕಂಪ್ಯೂಟರಿನಿಂದ, ಇನ್ನೆಲ್ಲೆಲ್ಲಿ ಹಾಕಿದ್ದೀರೋ ಅಲ್ಲಿಂದಲೂ.

ಫೋನ್ ಮಾಡಬೇಡಿ, ಮಾತಾಡುವ ಮನಸ್ಸಿಲ್ಲ. ಅಜ್ಜಂಪುರದ ಬಾಡಿಗೆ ಮನೆ ಬಿಟ್ಟು ತಮ್ಮ ದತ್ತಾತ್ರಿಯ ಜೊತೆ ಇದ್ದೇನೆ. ಅವನಿಗೆ ಇಲ್ಲಿ ಡ್ಯಾಮಿನಲ್ಲಿ ಕೆಲಸ. ವಿಳಾಸ ಹಿಂದೆ ಬರೆದಿದ್ದೇನೆ.

ಶಾರದಾಂಬಾ

—

ಕಡೂರು
24 ಜೂನ್ 2024

ಟೀಚರ್‌ಗೆ ವಿಶ್ವಾರಾಧ್ಯನ ಶರಣು.

ನಿಮ್ಮನ್ನು ಮರೆಯುವುದುಂಟೇ? ಹನ್ನೊಂದು ವರ್ಷದಿಂದ ದಿನಾ ನಿಮ್ಮ ದನಿ ಕೇಳಿಕೊಂಡೇ ಕೆಲಸ ಮಾಡುತ್ತಿದ್ದೇನೆ. ಕಾಗದ ಬಂದ ದಿನ ನನ್ನ ಅಂಗಡಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಮೂವತ್ತು ಜನ ನಿಂತಿದ್ದರು, ಸರ್ವರ್ ಬರುತ್ತಿರಲಿಲ್ಲ, ಎಲ್ಲರೂ ನನಗೇ ಬೈಯುತ್ತಿದ್ದರು. ಆ ಗಲಾಟೆಯಲ್ಲೇ ಓದಿದೆ. ಬೇಡವೆಂದು ಬರೆದಿದ್ದರೂ ತಡೆಯಲಾರದೆ ಎರಡು ಸಲ ಫೋನ್ ಮಾಡಿದೆ. ನಿಮ್ಮ ತಮ್ಮ ಎತ್ತಿಕೊಂಡು, "ಅಕ್ಕ ಫೋನಿಗೆ ಬರೋದಿಲ್ಲ ಕಣ್ರೀ, ಏನಿದ್ರೂ ಬರ್ದು ಕಳ್ಸಿ" ಅಂದರು. ಕೋಪ ಎಷ್ಟಿದೆ ಅಂತ ಅರ್ಥವಾಯಿತು. ಕಾಗದದಲ್ಲೂ ನನ್ನನ್ನು ಬಹುವಚನದಲ್ಲಿ ಕರೆದಿದ್ದೀರಿ.

ಆ ಔಷಧಿಯವನು ನನ್ನನ್ನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ ಟೀಚರ್. ನಾವು ಮಾಡುವ ಸಾಫ್ಟ್‌ವೇರ್ ಸ್ವತಂತ್ರ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಯಾವ ಕೆಲಸಕ್ಕೆ ಅಂತ ಕೇಳುವ ಹಾಗಿಲ್ಲ. ಅವನು ಏನೋ ಟೈಪ್ ಮಾಡಿದ, ಅದು ನಿಮ್ಮ ದನಿಯಲ್ಲಿ ಓದಿತು. ಹೊರಗೆ ಹೋದ ಪ್ರತಿಗಳನ್ನು ಹಿಡಿದು ತರಲು ನನ್ನಿಂದಾಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಗಿದೆ.

ನನ್ನ ಕೈಯಲ್ಲಿರುವುದು ಇಷ್ಟೇ: ಮುಂದಿನ ಆವೃತ್ತಿಯಲ್ಲಿ ನಿಮ್ಮ ದನಿ ಇರಬೇಕೋ ಬೇಡವೋ. ದನಿಗಳ ಪಟ್ಟಿಯಲ್ಲಿ "ಹೆಣ್ಣು ದನಿ ಒಂದು" ಅಂದರೆ ನೀವು. "ಹೆಣ್ಣು ದನಿ ಎರಡು" ಅಂತ ಸ್ಟುಡಿಯೋದಲ್ಲಿ ಮಾಡಿದ್ದು ಇನ್ನೊಂದಿದೆ. ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಸ್ವತಂತ್ರ ತಂತ್ರಾಂಶದವರ ಸಮ್ಮೇಳನವಿದೆ. ಇಂಥ ಕೆಲಸ ಮಾಡುವವರೆಲ್ಲ ಸೇರುತ್ತಾರೆ. ನನಗೂ ಹತ್ತು ನಿಮಿಷ ಕೊಟ್ಟಿದ್ದಾರೆ. ಅಲ್ಲಿ ನಾಲ್ಕು ಜನರನ್ನು ಕೇಳಿ ನಿರ್ಧಾರ ಮಾಡುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.

ಹಗಲೆಲ್ಲ ಜನರ ಅರ್ಜಿ, ಸಂಜೆ ಈ ಕೆಲಸ. ನಿಜ ಹೇಳಬೇಕೆಂದರೆ ಸಾಕಾಗಿದೆ.

ನಿಮ್ಮ
ವಿಶ್ವಾರಾಧ್ಯ

—

ಲಕ್ಕವಳ್ಳಿ
8 ಜುಲೈ 2024

ವಿಶ್ವಾರಾಧ್ಯ ಅವರಿಗೆ,

ನನ್ನ ದನಿ ಇರಬೇಕೋ ಬೇಡವೋ ಅಂತ ಹುಬ್ಬಳ್ಳಿಯಲ್ಲಿ ನಾಲ್ಕು ಜನರನ್ನು ಕೇಳುತ್ತೀರಾ? ಚೆನ್ನಾಗಿದೆ.

ತಾಳ್ಮೆಯ ಪಾಠ ನನಗೆ ಬೇಡ. ಅಂಧ ಶಾಲೆಯಲ್ಲಿ ಮಕ್ಕಳು ಕೇಳುವುದನ್ನು ಸಿ.ಡಿ. ಮಾಡಿ ಕಳಿಸುತ್ತೇನೆ ಅಂದವರು ಮೂರು ವರ್ಷದ ಮೇಲೆ ಕಳಿಸಿದಿರಿ. ಅಷ್ಟು ಹೊತ್ತಿಗೆ ಸಿ.ಡಿ. ಹಾಕುವ ಯಂತ್ರವೇ ನಮ್ಮ ಮನೆಯಲ್ಲಿರಲಿಲ್ಲ.

ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬರುವ ಕೆಲಸ ಹತ್ತಿಕೊಂಡಿದೆ. ಉದ್ದುದ್ದ ಬರೆಯಲು ತ್ರಾಣವಿಲ್ಲ. ಹೇಳಿದ್ದು ಒಂದೇ ಮಾತು, ತೆಗೆಯಿರಿ.

ಶಾರದಾಂಬಾ

—

ಹುಬ್ಬಳ್ಳಿ ರೈಲು ನಿಲ್ದಾಣ
22 ಸೆಪ್ಟೆಂಬರ್ 2024, ಭಾನುವಾರ ಮಧ್ಯಾಹ್ನ

ಟೀಚರ್‌ಗೆ ಶರಣು.

ರೈಲು ಮೂರು ಗಂಟೆ ತಡ ಅಂತ ಹೇಳಿದ್ದಾರೆ. ಚೀಲದಲ್ಲಿ ಸಮ್ಮೇಳನದವರು ಕೊಟ್ಟ ನೋಟ್ ಪುಸ್ತಕವಿತ್ತು, ಅದರಲ್ಲೇ ಬರೆಯುತ್ತಿದ್ದೇನೆ. ಶಿವಮೊಗ್ಗದ ಓಡಾಟ ಪಿಂಚಣಿಯದ್ದಿರಬೇಕು. ಬೇಗ ಮುಗಿಯಲಿ.

ಎರಡು ದಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಮ್ಮೇಳನ ನಡೆಯಿತು. ಬಾಗಿಲಲ್ಲೇ ಕೊರಳಿಗೆ ಹೆಸರಿನ ಚೀಟಿ ಹಾಕಿದರು. ಐದುನೂರು ಜನರಲ್ಲಿ ನಲವತ್ತು ದಾಟಿದವರು ಹತ್ತು ಜನವೂ ಇರಲಿಲ್ಲ. ಹುಡುಗರ ಲ್ಯಾಪ್‌ಟಾಪಿನ ಮೇಲೆ ಜಾಗವಿಲ್ಲದ ಹಾಗೆ ಸ್ಟಿಕ್ಕರುಗಳು. ಊಟ ಚೆನ್ನಾಗಿತ್ತು, ರೊಟ್ಟಿ, ಎಣ್ಣೆಗಾಯಿ. ಊಟದ ಸಾಲಿನಲ್ಲಿ ಒಬ್ಬ, "ಅಂಕಲ್, ನೀವು ಯಾವ ಪ್ರಾಜೆಕ್ಟ್?" ಅಂತ ಕೇಳಿದ. ಹೇಳಿದೆ. "ಓ, ಅದು ಇನ್ನೂ ಇದೆಯಾ!" ಅಂದ. ಪಾಪ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ಮಾತ್ರ ಎರಡನೇ ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

ನನಗಿಂತ ಮೊದಲು ಮಾತಾಡಿದವನು ನಿಲ್ಲಿಸಲೇ ಇಲ್ಲ. ಹತ್ತು ನಿಮಿಷ ಇದ್ದದ್ದು ಆರಾಯಿತು. ನಾಲ್ಕು ಜನರನ್ನು ಕೇಳುತ್ತೇನೆ ಅಂದಿದ್ದೆ, ಯಾರನ್ನೂ ಕೇಳಲಿಲ್ಲ. ನಿಮ್ಮ ಜುಲೈ ಕಾಗದ ಜೇಬಿನಲ್ಲಿತ್ತು. ಮೈಕಿನ ಮುಂದೆ ನಿಂತು ಎರಡು ಮಾತು ಹೇಳಿದೆ. ಅಕ್ಟೋಬರ್ ಹದಿನೈದಕ್ಕೆ ಹೊಸ ಆವೃತ್ತಿ ಬರುತ್ತದೆ, ಅದರಲ್ಲಿ ಹೆಣ್ಣು ದನಿ ಒಂದು ಇರುವುದಿಲ್ಲ. ಅದಾದ ಮೇಲೆ ಈ ಕೆಲಸವನ್ನು ನಾನು ಬಿಡುತ್ತೇನೆ, ಯಾರಾದರೂ ವಹಿಸಿಕೊಳ್ಳಿ. ಒಂದಿಬ್ಬರು ಚಪ್ಪಾಳೆ ಹೊಡೆದರು. ಮುಂದಿನವನು ಆಗಲೇ ತನ್ನ ಲ್ಯಾಪ್‌ಟಾಪಿಗೆ ವೈರು ಚುಚ್ಚುತ್ತಿದ್ದ.

ಕೆಳಗಿಳಿದಾಗ ಒಬ್ಬ ಹುಡುಗಿ ಬಿಳಿ ಕೋಲು ಹಿಡಿದು ಕಾಯುತ್ತಿದ್ದಳು. ಗಾನವಿ ಅಂತ ಹೆಸರು, ನಮ್ಮ ಕಡೂರಿನ ಹತ್ತಿರದ ಯಗಟಿಯವಳೇ. ಹುಟ್ಟಿನಿಂದ ಕಣ್ಣಿಲ್ಲ. ಬಿ.ಎಡ್. ಓದುತ್ತಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಸಾರ್, ನಾವೆಲ್ಲ ಆ ದನೀನ ಟೀಚರ್ ಅಂತ್ಲೇ ಕರೆಯೋದು. ಏಳು ವರ್ಷದಿಂದ ಅವ್ರ ಹತ್ರಾನೇ ಓದಿದೀನಿ. ಪಿಯುಸಿ, ಡಿಗ್ರಿ, ಎಲ್ಲಾನೂ. ಎರಡ್ನೇ ದನಿ ಚೆನ್ನಾಗೈತೆ, ಆದ್ರೆ ಅದು ಓದಿದ್ರೆ ನನ್ ತಲೇಲಿ ನಿಲ್ಲಲ್ಲ. ಯಾಕ್ ಸಾರ್ ತೆಗೀತೀರಿ?"

"ಟೀಚರೇ ಬೇಡ ಅಂದಿದಾರಮ್ಮ" ಅಂದೆ.

"ಅವ್ರು ಬ್ಯಾಡ ಅಂದ್ಮೇಲೆ ತೆಗೀರಿ ಸಾರ್. ಬ್ಯಾಡ ಅಂದೋರ ದನೀಲಿ ಹೆಂಗ್ ಓದಾದು" ಅಂದಳು. ಜಗಳವಾಡಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಶಿವನಿಯಲ್ಲಿ ನಿಮ್ಮಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ "ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ" ಅಂತ ಇತ್ತು. ನಾನು ಓದಿ ಹೇಳಿದ್ದು ಅಂಧ ಮಕ್ಕಳ ಮಾತು ಮಾತ್ರ. ಪೂರ್ತಿ ಹೇಳಿದರೆ ನೀವು ಒಪ್ಪುವುದಿಲ್ಲವೇನೋ ಅಂತ ಭಯವಿತ್ತು. ತಪ್ಪು ನನ್ನದು, ಅದಕ್ಕೇ ವಾದಿಸದೆ ತೆಗೆಯುತ್ತಿದ್ದೇನೆ.

ಆದರೂ ಹದಿನೈದನೇ ತಾರೀಖಿನವರೆಗೆ ಸಮಯವಿದೆ. ಗಾನವಿಗಾಗಿ ಮನಸ್ಸು ಬದಲಾದರೆ ಒಂದು ಕಾರ್ಡು ಹಾಕಿ. "ಇರಲಿ" ಅಂತ ಒಂದೇ ಪದ ಬರೆದರೂ ಸಾಕು.

ನಿಮ್ಮ
ವಿಶ್ವಾರಾಧ್ಯ

—

ಕಡೂರು
9 ಅಕ್ಟೋಬರ್ 2024

ಟೀಚರ್,

ಹುಬ್ಬಳ್ಳಿಯಿಂದ ಬರೆದದ್ದು ಸೇರಿತೋ ಇಲ್ಲವೋ. ನಿಮ್ಮಿಂದ ಏನೂ ಬಂದಿಲ್ಲ. ಶುಕ್ರವಾರ ಆಯುಧಪೂಜೆ, ಅಂಗಡಿಯ ಕಂಪ್ಯೂಟರುಗಳನ್ನು ಒರೆಸುತ್ತಾ ಕೂತಿದ್ದೇನೆ. ಹಬ್ಬ ಮುಗಿದ ಮೇಲೆ ಆ ಕೆಲಸಕ್ಕೆ ಕೈ ಹಾಕಬೇಕು. ಕಾರ್ಡು ಬರದಿದ್ದರೆ ಮೊದಲಿನ ಮಾತೇ ಮಾತು ಅಂತ ತಿಳಿಯುತ್ತೇನೆ.

ವಿಶ್ವಾರಾಧ್ಯ

—

ಕಡೂರು
16 ಅಕ್ಟೋಬರ್ 2024

ಟೀಚರ್,

ನಿನ್ನೆ ತೆಗೆದೆ. ನಾಲ್ಕು ಸಾವಿರದ ಇನ್ನೂರು ವಾಕ್ಯ. ಒಂದು ಗುಂಡಿ ಒತ್ತುವ ಕೆಲಸ, ಬೆಳಗಿನಿಂದ ಮಧ್ಯಾಹ್ನದ ತನಕ ಎದ್ದೂ ಕೂತೂ ಕಾಲ ಕಳೆದೆ. ಹೊಸ ಆವೃತ್ತಿ ಹೊರಗೆ ಹೋಗಿದೆ. ನಕಲು ಮಾಡಿ ಒಯ್ದವರದ್ದು ಬಿಡಿ, ಹಳೆಯದನ್ನು ನಮ್ಮಿಂದಲೇ ಹಾಕಿಕೊಂಡವರ ಫೋನುಗಳಲ್ಲೂ ಎರಡು ಮೂರು ದಿನದಲ್ಲಿ ಅದೇ ತಾನಾಗಿ ಬಂದು ಕೂರುತ್ತದೆ. ಇನ್ನು ಅವು ಹೆಣ್ಣು ದನಿ ಎರಡರಲ್ಲಿ ಮಾತಾಡುತ್ತವೆ.

ನೀವು ಕೇಳಿದ್ದನ್ನು ಮಾಡಿದ್ದೇನೆ. ನೆಮ್ಮದಿಯಾಗಿರಿ.

ವಿಶ್ವಾರಾಧ್ಯ

—

ಲಕ್ಕವಳ್ಳಿ
24 ಅಕ್ಟೋಬರ್ 2024

ವಿಶ್ವಾರಾಧ್ಯಾ,

ಮೊದಲು ಒಂದು ಸುದ್ದಿ. ಆಗಸ್ಟ್ ಇಪ್ಪತ್ತೆಂಟಕ್ಕೆ ಶಿವಮೊಗ್ಗದಲ್ಲಿ ನನಗೆ ಆಪರೇಷನ್ ಆಯಿತು. ಗಂಟಲಿನಲ್ಲಿ ಗಡ್ಡೆ, ಕೆಟ್ಟ ಜಾತಿಯದು. ದನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲಿರುವ ತೂತಿನಿಂದ ಉಸಿರಾಡುತ್ತೇನೆ. ಜೀವಕ್ಕೆ ಸದ್ಯಕ್ಕೆ ಭಯವಿಲ್ಲ ಅಂದಿದ್ದಾರೆ. ಮಾತು ಇಲ್ಲ. ಪಿಸುಮಾತೂ ಇಲ್ಲ.

ನಾನು ಆ ಆಟೋವನ್ನು ಕಂಡದ್ದು ಶಿವಮೊಗ್ಗದ ಡಾಕ್ಟರು ಈ ವಿಷಯ ಹೇಳಿ ಕಳಿಸಿದ ದಿನ. ಹೇಗೋ ತರೀಕೆರೆಗೆ ಬಂದು ಬಸ್ಸಿಗೆ ನಿಂತಿದ್ದೆ. ಆಗಲೇ ದನಿ ಒಡೆದು ಹೋಗಿತ್ತು, ತಿಪ್ಪಮ್ಮನಿಗೆ ಒಂದು ಮಾತು ತಿರುಗಿ ಹೇಳಲು ನನ್ನಿಂದಾಗಲಿಲ್ಲ. ಮೈಕಿನಲ್ಲಿ ಮಾತ್ರ ನಾನು ಗಟ್ಟಿಮುಟ್ಟಾಗಿ ಮೂಲವ್ಯಾಧಿಗೆ ಔಷಧಿ ಹೇಳುತ್ತಿದ್ದೆ. ನನಗೆ ಬಂದದ್ದು ಕೋಪವೋ ಹೊಟ್ಟೆಕಿಚ್ಚೋ, ಇವತ್ತಿಗೂ ಗೊತ್ತಿಲ್ಲ. ನನ್ನ ದನಿಯ ಮೇಲೆ ನನಗೇ ಹೊಟ್ಟೆಕಿಚ್ಚು! ಇದನ್ನು ನಿನಗೆ ಹೇಗೆ ಬರೆಯಲಿ? ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಮನೆಗೆ ಬಂದೆ. ಸ್ಲೇಟು ಬಳಪ ಇಟ್ಟುಕೊಂಡಿದ್ದೆ. ದತ್ತಾತ್ರಿಯ ಮಗಳು ಶ್ರೀವಾಣಿ ನನ್ನ ಫೋನಿಗೆ ಏನನ್ನೋ ಹಾಕಿ, "ಅತ್ತೆ, ಇಲ್ಲಿ ಟೈಪ್ ಮಾಡಿ, ಅದು ಮಾತಾಡತ್ತೆ" ಅಂದಳು. ಕನ್ನಡಕ್ಕೆ ಯಾವುದೋ ದನಿ ಸಿಕ್ಕಿತು ಅಂತ ಹಾಕಿದ್ದಳು, ಯಾರದ್ದು ಅಂತ ಅವಳಿಗೂ ಗೊತ್ತಿಲ್ಲ. "ದತ್ತೂ, ಬಾರೋ ಇಲ್ಲಿ" ಅಂತ ಬರೆದು ಒತ್ತಿದೆ. ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದ ದತ್ತಾತ್ರಿ ಬಿಂದಿಗೆ ಬಿಸಾಕಿ ಓಡಿಬಂದ. "ಅಕ್ಕಾ, ಮಾತು ಬಂತಾ?" ಅಂದ. ಫೋನು ನೋಡಿ ನೆಲದ ಮೇಲೆ ಕೂತುಬಿಟ್ಟ. ಇಬ್ಬರೂ ಅತ್ತೆವು. ಆಮೇಲೆ ಇಡೀ ದಿನ ಅವನನ್ನು ಬೈದೆ, ಆರು ತಿಂಗಳ ಬಾಕಿ ಇತ್ತು.

ಹುಬ್ಬಳ್ಳಿಯಿಂದ ಬರೆದ ನಿನ್ನ ಕಾಗದ ಅದೇ ವಾರ ಬಂತು. ಕಾರ್ಡು ಬರೆಯಬೇಕಿತ್ತು. ಬರೆಯಲಿಲ್ಲ. ತೆಗಿ ತೆಗಿ ಅಂತ ಗದರಿಸಿ, ಈಗ ಬೇಡ ಇರಲಿ ಅನ್ನುವುದಕ್ಕೆ ಮುಖವಿರಲಿಲ್ಲ. ಜೊತೆಗೆ ಒಂದು ಧೈರ್ಯ. ಹೇಳಿದ ದಿನ ಯಾವ ಕೆಲಸವನ್ನೂ ನೀನು ಮಾಡಿದವನಲ್ಲ. ಹದಿನೈದು ಅಂದರೆ ಸಂಕ್ರಾಂತಿಯಾಗುತ್ತದೆ, ಅಷ್ಟರಲ್ಲಿ ಯಾವುದಾದರೂ ನೆಪ ಹುಡುಕಿ ಬರೆದರಾಯಿತು ಅಂದುಕೊಂಡೆ. ಜೀವಮಾನದಲ್ಲಿ ಒಂದು ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿದೆಯಲ್ಲಪ್ಪಾ, ಅದು ಇದೇ ಆಗಬೇಕಾಗಿತ್ತೇ!

ಹದಿನೇಳನೇ ತಾರೀಖು ಬೆಳಿಗ್ಗೆ "ದತ್ತೂ, ಕಾಫಿ ಆರ್ತಿದೆ ಬಾ" ಅಂತ ಒತ್ತಿದೆ. ಯಾರೋ ಹೆಂಗಸು ಮಾತಾಡಿದಳು. ಸ್ನಾನದ ಮನೆಯಿಂದ ದತ್ತಾತ್ರಿ, "ಯಾರು ಬಂದಿದಾರೆ ಅಕ್ಕಾ?" ಅಂತ ಕೇಳಿದ. ಬಂದವರಿಗೆ ಮರ್ಯಾದೆ ಅಂತ ಷರ್ಟು ಹಾಕಿಕೊಂಡು ಹೊರಗೆ ಬಂದ. ನಾನೊಬ್ಬಳೇ ಕೂತಿದ್ದೆ.

ಈಗ ಮತ್ತೆ ಸ್ಲೇಟು ಹಿಡಿದಿದ್ದೇನೆ. ಆ ಹೆಂಗಸಿನ ಬಾಯಲ್ಲಿ ನನ್ನ ತಮ್ಮನನ್ನು ಕರೆಯಲಾರೆ.

ವಾಪಸ್ ತರಲು ಆಗುತ್ತದೆಯೋ? ಆಗುವುದಿಲ್ಲ ಅಂದರೆ ಹಾಗೆಂದೇ ಬರಿ. ಸಮಾಧಾನ ಮಾಡಲು ಹೋಗಬೇಡ.

ಶಾರದಾಂಬಾ

—

ಕಡೂರು
6 ನವೆಂಬರ್ 2024

ಟೀಚರ್,

ನಿಮ್ಮ ಕಾಗದ ಓದಿ ಅಂಗಡಿಯ ಬಾಗಿಲು ಹಾಕಿದೆ. ಹೊರಗೆ ನಿಂತವರು ಬಡಿದರು, ತೆಗೆಯಲಿಲ್ಲ. ಫೋನಿಗೆ ಬರದಿದ್ದರೆ ಕೋಪ, ಕಾಗದ ಬರದಿದ್ದರೆ ಕೋಪ, ಶಿವಮೊಗ್ಗ ಅಂದರೆ ಪಿಂಚಣಿ ಅಂದುಕೊಂಡೆ. ಒಂದು ಬಸ್ಸು ಹತ್ತಿ ಬಂದಿದ್ದರೆ ಮುಗಿಯುತ್ತಿತ್ತು. ಕೆಲಸ ಕೆಲಸ ಅಂತ ಬರಲಿಲ್ಲ. ನಾಚಿಕೆಯಾಗುತ್ತದೆ.

ಕೇಳಿದ್ದಕ್ಕೆ ಉತ್ತರ, ಆಗುತ್ತದೆ. ತೆಗೆದೆ ಅಂದರೆ ಪಟ್ಟಿಯಿಂದ ತೆಗೆದೆ ಅಷ್ಟೇ. ನಮ್ಮ ಕೆಲಸದಲ್ಲಿ ಹಳೆಯದು ಯಾವುದೂ ಅಳಿಸಿಹೋಗುವುದಿಲ್ಲ. ಅವತ್ತೇ ಶ್ರೀವಾಣಿಗೆ ಫೋನ್ ಮಾಡಿ ನಿಮ್ಮ ದನಿಯನ್ನು ಮತ್ತೆ ಹಾಕಿಸಿದೆ, ನೀವು ನೋಡಿರುತ್ತೀರಿ. ಸದ್ಯಕ್ಕೆ ಅದು ನಿಮ್ಮ ಫೋನಿನಲ್ಲಿ ಮಾತ್ರ ಇದೆ. ಎಲ್ಲರಿಗೂ ಕೊಡಬೇಕೋ ಬೇಡವೋ ನೀವು ಹೇಳಿ. ಈ ಸಲ ಒಪ್ಪಿಗೆಯ ಕಾಗದವನ್ನು ಪೂರ್ತಿಯಾಗಿ ಜೊತೆಗಿಟ್ಟಿದ್ದೇನೆ, ಓದಿಕೊಳ್ಳಿ. ಬಿಡುತ್ತೇನೆ ಅಂತ ಮೈಕಿನಲ್ಲಿ ಸಾರಿದರೂ ಯಾರೂ ವಹಿಸಿಕೊಳ್ಳಲು ಬಂದಿಲ್ಲ. ಎಲ್ಲ ಇನ್ನೂ ನನ್ನ ತಲೆಯ ಮೇಲೇ ಇದೆ.

ನಿಮ್ಮ ದನಿಯನ್ನು ಹುಡುಕುವಾಗ ಹಳೇ ಡಿಸ್ಕಿನಲ್ಲಿ ಇನ್ನೊಂದು ಸಿಕ್ಕಿತು. ನೀವು ಓದಿದ್ದರಲ್ಲಿ ನಮಗೆ ಬೇಕಾದದ್ದು ಶುದ್ಧವಾದ ವಾಕ್ಯ ಮಾತ್ರ. ನಡುವೆ ಕೆಮ್ಮಿದ್ದು, ನೀರು ಕುಡಿದದ್ದು, ತಪ್ಪಿದ್ದು ಎಲ್ಲವನ್ನೂ ಕತ್ತರಿಸಿ "ಕಸ" ಅಂತ ಹೆಸರಿಟ್ಟು ಒಂದು ಕಡೆ ಹಾಕಿದ್ದೆ. ಒಂದು ಗಂಟೆ ಐವತ್ತು ನಿಮಿಷ ಇದೆ. ಶಾಲೆಯ ಪಕ್ಕದಲ್ಲೇ ಹಳಿ, "ರೈಲು ಬಂತು ತಡಿಯಪ್ಪಾ" ಅಂತ ಅರವತ್ತು ಸಲವಾದರೂ ಅಂದಿದ್ದೀರಿ. ತಿಪ್ಪಮ್ಮನಿಗೆ ಕಾಫಿಗೆ ಸಕ್ಕರೆ ಜಾಸ್ತಿಯಾಯಿತು ಅಂತ ಬೈದಿದ್ದೀರಿ. ನನಗಂತೂ ದಿನಾ ಬೈದಿದ್ದೀರಿ. "ಹಸು ಹುಲ್ಲು ಮೇಯಿತು" ಅನ್ನುವುದನ್ನು "ಹುಲ್ಲು ಹಸುವನ್ನು ಮೇಯಿತು" ಅಂತ ಓದಿ, ನಿಲ್ಲಿಸಲಾರದೆ ನಕ್ಕಿದ್ದೀರಿ. ನಾನೂ ನಗುತ್ತಿದ್ದೇನೆ, ಹಿಂದೆ ತಿಪ್ಪಮ್ಮನೂ.

ಇದನ್ನು ನಾನು ಎಲ್ಲಿಯೂ ಹಾಕಿಲ್ಲ, ಯಾರಿಗೂ ಕೊಟ್ಟಿಲ್ಲ. ನೀವು ಸಹಿ ಮಾಡಿದ ಕಾಗದಕ್ಕೆ ಇದು ಸೇರುವುದಿಲ್ಲ. ಪೆನ್ ಡ್ರೈವಿಗೆ ತುಂಬಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನನ್ನ ಹತ್ತಿರವಿದ್ದದ್ದನ್ನು ಅಳಿಸಿದ್ದೇನೆ. ಒಂದೇ ಪ್ರತಿ ಇಟ್ಟುಕೊಳ್ಳುವವನು ಮೂರ್ಖ ಅನ್ನುವುದು ನಮ್ಮವರ ಮೊದಲ ಪಾಠ, ಹುಬ್ಬಳ್ಳಿಯ ಹುಡುಗರು ಕೇಳಿದರೆ ಛೀಮಾರಿ ಹಾಕುತ್ತಾರೆ. ಆದರೂ ಇದು ನಿಮ್ಮೊಬ್ಬರದು.

ವಿಶ್ವಾರಾಧ್ಯ

—

ಲಕ್ಕವಳ್ಳಿ
19 ನವೆಂಬರ್ 2024

ವಿಶ್ವಾರಾಧ್ಯಾ,

ಕಾಗದವನ್ನು ಪೂರ್ತಿ ಓದಿದೆ. "ಯಾವುದಕ್ಕೆ ಬೇಕಾದರೂ" ಅನ್ನುವ ಸಾಲನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದ್ದೇನೆ. ಹೆಣ್ಣು ದನಿ ಒಂದು ಪಟ್ಟಿಯಲ್ಲಿರಲಿ. ಆ ಹುಡುಗಿಯ ಪರೀಕ್ಷೆಗೆ ಮೊದಲೇ ಹಾಕು, ನಿನ್ನ ಹಳೇ ಚಾಳಿ ಬೇಡ.

ಪೆನ್ ಡ್ರೈವಿನಲ್ಲಿದ್ದದ್ದನ್ನು ಶ್ರೀವಾಣಿ ಕೇಳಿಸಿದಳು. ಮೂವರೂ ಕೂತು ಕೇಳಿದೆವು. ಅದರಲ್ಲಿ ನನ್ನ ನಗು ಬಂದಾಗ ದತ್ತಾತ್ರಿ ಎದ್ದು ಹಿತ್ತಲಿಗೆ ಹೋದ. ನಾನು ಎದ್ದು ಹೋಗಲಿಲ್ಲ. ಈಗ ನನಗೆ ನಗು ಬಂದರೆ ಮೈ ಅಲುಗಾಡುತ್ತದೆ, ಕತ್ತಿನಿಂದ ಗಾಳಿ ಹೋಗುತ್ತದೆ, ಅಷ್ಟೇ. ಫೋನಿಗೆ ಏನು ಬರೆದು ಕೊಟ್ಟರೂ ಓದುತ್ತದೆ. ಮೊನ್ನೆ "ಹ ಹ ಹ" ಅಂತ ಬರೆದೆ. ಕಾಗುಣಿತ ಹೇಳಿದ ಹಾಗೆ ಹೇಳಿತು.

ಅದೇ ಪೆನ್ ಡ್ರೈವನ್ನು ಈ ಕವರಿನಲ್ಲಿಟ್ಟು ಕಳಿಸಿದ್ದೇನೆ. ಬಸ್ಸು ಹತ್ತಿ ಯಗಟಿಗೆ ಹೋಗು. ಗಾನವಿ ಏಳು ವರ್ಷ ನನ್ನ ಹತ್ತಿರ ಓದಿದ್ದಾಳೆ, ಟೀಚರ್ ನಗುವುದನ್ನು ಒಂದು ಸಲವೂ ಕೇಳಿಲ್ಲ. ಅವಳಿಗೆ ಕೇಳಿಸು. ನಕಲು ಮಾಡಿಕೊಳ್ಳಬೇಡ. ಕೇಳಿಸಿದ ಮೇಲೆ ಪೋಸ್ಟಿಗೆ ಹಾಕದೆ ನೀನೇ ಇಲ್ಲಿಗೆ ತಂದುಕೊಡು.

ಶಾರದಾಂಬಾ